ಕಸದ ಲಾರಿಗೆ ಸೆನ್ಸರ್ ಕಟ್ಟಿ ರಸ್ತೆ ದುರಸ್ತಿ ಯೋಜನೆ: ಯಾವ ಅಳತೆ ಯಾವ ನಿರ್ಧಾರಕ್ಕೆ?

ದಾರಿಲೆಕ್ಕ

ಒಂದು ಪ್ರಸ್ತಾವವನ್ನು ಚರ್ಚೆಗೆ ಇಡುತ್ತಿದ್ದೇನೆ. ಲೆಕ್ಕಕ್ಕೆ 600 ಕಿ.ಮೀ. ರಸ್ತೆಯಿರುವ ನಗರ ಅಂದುಕೊಳ್ಳಿ. ಅದರಲ್ಲಿ 90 ಕಿ.ಮೀ. ಮುಖ್ಯರಸ್ತೆ, ಮಿಕ್ಕಿದ್ದೆಲ್ಲ ಬಡಾವಣೆಗಳ ಒಳರಸ್ತೆ. 40 ಕಸದ ಲಾರಿಗಳಿಗೆ ತಲಾ ಒಂದು ಪೆಟ್ಟಿಗೆ ಕೂರಿಸುವುದು. ಪೆಟ್ಟಿಗೆಯೊಳಗೆ ಆಕ್ಸಿಲರೋಮೀಟರ್ (ಕುಲುಕಾಟ ಅಳೆಯುವ ಸೆನ್ಸರ್), ಜಿಪಿಎಸ್, ಒಂದು ಸಿಮ್. ಗಾಜಿನ ಹಿಂದೆ ಮುಂದಕ್ಕೆ ನೋಡುವ ಕ್ಯಾಮೆರಾ. ಲಾರಿ ಕುಲುಕಿದಲ್ಲೆಲ್ಲ ನಕ್ಷೆಯ ಮೇಲೆ ಕೆಂಪು ಚುಕ್ಕಿ ಬೀಳುತ್ತದೆ. ವರ್ಷದ ಕೊನೆಗೆ ಚುಕ್ಕಿ ಹೆಚ್ಚಿರುವ ರಸ್ತೆಗಳನ್ನು ಆರಿಸಿ ಮರುಡಾಂಬರಿಗೆ ಹಾಕುವುದು.

ಕಸದ ಲಾರಿಯನ್ನೇ ಆರಿಸಿದ್ದಕ್ಕೆ ಕಾರಣ, ಅದು ಪ್ರತಿ ಬೀದಿಗೂ ಹೋಗುತ್ತದೆ. ಬಸ್ಸು ಮುಖ್ಯರಸ್ತೆ ಬಿಟ್ಟು ಇಳಿಯುವುದಿಲ್ಲ. ಪ್ರಶ್ನೆ ಮೂರು: ಈ ಅಳತೆ ಯೋಜನೆಗೆ ಸಾಕೇ? ಪೆಟ್ಟಿಗೆಯಲ್ಲಿ ಏನೇನು ಬದಲಾಗಬೇಕು? ಚುಕ್ಕಿಯಿಂದ ಕಾಮಗಾರಿ ಪಟ್ಟಿಗೆ ಬರುವ ದಾರಿ ಯಾವುದು?

ಪದರಪದರ

ಮೊದಲನೆಯದಕ್ಕೆ ಉತ್ತರ: ಸಾಲದು. ಗುಂಡಿ ಎಣಿಸುವುದು ತೇಪೆ ಹಾಕುವ ತಂಡಕ್ಕೆ ಉಪಯೋಗ, ಯೋಜನೆಗೆ ಅಷ್ಟಕ್ಕಷ್ಟೇ.

ಗುಂಡಿ ಬೀಳುವ ಕ್ರಮ ನೋಡಿ. ಡಾಂಬರು ಗಡುಸಾಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅದರೊಳಗೆ ನೀರು ಇಳಿದು ಜಲ್ಲಿ ಪದರವನ್ನು ನೆನೆಸುತ್ತದೆ. ಗಾಲಿ ಹಾದಾಗಲೆಲ್ಲ ಆ ನೀರು ಒತ್ತಡಕ್ಕೆ ಸಿಕ್ಕಿ ಸಣ್ಣ ಕಣಗಳನ್ನು ಮೇಲಕ್ಕೆ ಉಗುಳುತ್ತದೆ; ಬಿರುಕಿನ ಅಂಚಿನಲ್ಲಿ ಮಣ್ಣಿನ ಕಲೆ ಕಂಡರೆ ಅದೇ ಇದು. ಒಳಗೆ ಟೊಳ್ಳಾದ ಮೇಲೆ ಬಿರುಕು ಮೊಸಳೆ ಚರ್ಮದ ಹಾಗೆ ಕವಲೊಡೆಯುತ್ತದೆ, ಕೊನೆಗೆ ಚಕ್ಕೆ ಎದ್ದು ಹೋಗುತ್ತದೆ. ಆಕ್ಸಿಲರೋಮೀಟರ್ ಎಚ್ಚರಗೊಳ್ಳುವುದು ಈ ಕೊನೆಯ ಹಂತದಲ್ಲಿ. ಅಷ್ಟರಲ್ಲಿ ಬಿರುಕು ತುಂಬುವುದು, ಸ್ಲರಿ ಸೀಲ್ ಅಥವಾ ಮೈಕ್ರೋ ಸರ್ಫೇಸಿಂಗ್ ಎಂಬ ತೆಳು ಲೇಪ, ಇಂಥ ಅಗ್ಗದ ಉಪಾಯಗಳ ಕಾಲ ಮುಗಿದಿರುತ್ತದೆ.

ಆದ್ದರಿಂದ ಕೊನೆಯಿಂದ ಹಿಂದಕ್ಕೆ ಯೋಚಿಸಿ. ಮೊದಲು ನಿಮ್ಮ ಕೈಲಿರುವ ಚಿಕಿತ್ಸೆಗಳನ್ನು ಬರೆಯಿರಿ: ಬಿರುಕು ತುಂಬುವುದು, ತೆಳು ಸೀಲ್, ಮೇಲ್ಪದರ ಕೆರೆದು ಹೊಸದು ಹಾಕುವುದು, ಬುಡದಿಂದ ಮರುನಿರ್ಮಾಣ. ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಲು ಯಾವ ಅಳತೆ ಬೇಕು ಎಂದು ಕೇಳಿಕೊಳ್ಳಿ. ನಾಲ್ಕು ಪ್ರಶ್ನೆ ಸಿಗುತ್ತವೆ. ಮೇಲ್ಮೈ ಎಷ್ಟು ಒರಟು? ಎಷ್ಟು ಬಿರುಕು? ಒಳಗೆ ಎಷ್ಟು ಗಟ್ಟಿ? ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ? ನಿಮ್ಮ ಪೆಟ್ಟಿಗೆ ಮೊದಲನೆಯದಕ್ಕೆ ಅರ್ಧ ಉತ್ತರ ಕೊಡುತ್ತದೆ, ಕ್ಯಾಮೆರಾ ಎರಡನೆಯದಕ್ಕೆ ಒಂದಿಷ್ಟು. ಮಿಕ್ಕ ಎರಡಕ್ಕೆ ಪ್ರಸ್ತಾವದಲ್ಲಿ ಏನೂ ಇಲ್ಲ.

ಅಕ್ಷದಕಂಪ

ಪದರಪದರ ಅವರು "ಅರ್ಧ ಉತ್ತರ" ಅಂದದ್ದನ್ನು ಬಿಡಿಸಿ ಹೇಳುತ್ತೇನೆ. ಯಂತ್ರದ ಕಡೆಯಿಂದ ನೋಡಿದರೆ ಅರ್ಧವೂ ಸುಲಭಕ್ಕೆ ಸಿಗುವುದಿಲ್ಲ.

ಒರಟುತನದ ಜಾಗತಿಕ ಅಳತೆ ಐಆರ್‌ಐ (ಇಂಟರ್‌ನ್ಯಾಷನಲ್ ರಫ್‌ನೆಸ್ ಇಂಡೆಕ್ಸ್). ವಿಶ್ವಬ್ಯಾಂಕ್ 1982ರಲ್ಲಿ ಬ್ರೆಜಿಲ್‌ನಲ್ಲಿ ನಡೆಸಿದ ಪ್ರಯೋಗದಿಂದ ಹುಟ್ಟಿದ್ದು. ಕಾರಿನ ಕಾಲು ಭಾಗದ, ಅಂದರೆ ಒಂದೇ ಗಾಲಿಯ ಒಂದು ಗಣಿತ ಮಾದರಿಯನ್ನು ರಸ್ತೆಯ ಮೇಲ್ಮೈ ರೇಖೆಯ ಮೇಲೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡಿಸಿದಂತೆ ಲೆಕ್ಕ ಹಾಕಿ, ಸಸ್ಪೆನ್ಷನ್ ಒಟ್ಟು ಎಷ್ಟು ಮೇಲೆ ಕೆಳಗೆ ಆಡಿತು ಎಂಬುದನ್ನು ದೂರದಿಂದ ಭಾಗಿಸುತ್ತಾರೆ. ಘಟಕ ಮೀಟರ್ ಪ್ರತಿ ಕಿ.ಮೀ. ವಾಹನಕ್ಕೆ ಕಟ್ಟಿದ ಲೇಸರ್‌ನಿಂದ ರಸ್ತೆಯ ಏರಿಳಿತ ಓದುವ ಲೇಸರ್ ಪ್ರೊಫೈಲರ್ ಮೇಲ್ಮೈಯನ್ನೇ ಅಳೆಯುವುದರಿಂದ ವಾಹನ ಯಾವುದಾದರೂ ಉತ್ತರ ಒಂದೇ. ಲಾರಿಗೆ ಕಟ್ಟಿದ ಆಕ್ಸಿಲರೋಮೀಟರ್ ಅಳೆಯುವುದು ರಸ್ತೆಯನ್ನಲ್ಲ, ರಸ್ತೆಗೆ ಲಾರಿ ಕೊಟ್ಟ ಪ್ರತಿಕ್ರಿಯೆಯನ್ನು.

ಆ ಪ್ರತಿಕ್ರಿಯೆ ಹೇಗೆ ಬದಲಾಗುತ್ತದೆ ನೋಡಿ. ವಾಹನದ ಮೈ ಸುಮಾರು 1.5 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಒಂದೂವರೆ ಬಾರಿ, ತೂಗುತ್ತದೆ, ಗಾಲಿ ಸುಮಾರು 12 ಹರ್ಟ್ಜ್‌ನಲ್ಲಿ ಕುಣಿಯುತ್ತದೆ. 80 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 22.2 ಮೀಟರ್‌ಗೆ, ಇವು ರಸ್ತೆಯ 14.8 ಮೀಟರ್ ಮತ್ತು 1.85 ಮೀಟರ್ ಉದ್ದದ ಅಲೆಗಳಿಗೆ ಸ್ಪಂದಿಸುತ್ತವೆ. 20 ಕಿ.ಮೀ. ವೇಗದಲ್ಲಿ ಅದೇ ಲಾರಿ 3.7 ಮೀಟರ್ ಮತ್ತು 0.46 ಮೀಟರ್ ಅಲೆಗಳಿಗೆ ಕುಣಿಯುತ್ತದೆ. ರಸ್ತೆ ಒಂದೇ ಇದ್ದರೂ ಬೇರೆ ವೇಗದಲ್ಲಿ ಬೇರೆ ಅಂಶವನ್ನು ಅಳೆದ ಹಾಗಾಯಿತು. ಕಸದ ಲಾರಿ ಒಳರಸ್ತೆಯಲ್ಲಿ 20 ದಾಟುವುದೇ ಅಪರೂಪ.

ಇನ್ನೂ ಮೂರು ತೊಂದರೆಗಳು ಕಸದ ಲಾರಿಗೇ ಸೇರಿದವು. ಬೆಳಗ್ಗೆ ಖಾಲಿ, ಮಧ್ಯಾಹ್ನ ಭರ್ತಿ: ಸ್ಪ್ರಿಂಗ್ ಮೇಲಿನ ತೂಕ ಒಂದೂವರೆ ಪಟ್ಟಾದರೆ ತೂಗುವ ಆವರ್ತನ ಸುಮಾರು ಶೇ. 18 ಇಳಿಯುತ್ತದೆ. ಕಸ ಒತ್ತುವ ಹೈಡ್ರಾಲಿಕ್ ಓಡುವಾಗ ನಿಂತ ಲಾರಿಯೂ ಗಡಗಡ ನಡುಗುತ್ತದೆ. ಹಾಗಾಗಿ ವೇಗ 10 ಕಿ.ಮೀ.ಗಿಂತ ಕಡಿಮೆಯಿದ್ದ ಡೇಟಾವನ್ನು ಎಸೆಯಲೇಬೇಕು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಲಾರಿ ಮನೆಗಳಿಗೆ ಒತ್ತಿಕೊಂಡು ರಸ್ತೆಯ ಅಂಚಿನಲ್ಲಿ ಹೋಗುತ್ತದೆ. ಅಂದರೆ ನಿಮ್ಮ ಅಳತೆ ಚರಂಡಿ ಪಕ್ಕದ ಒಂದು ಪಟ್ಟಿಯದು. ಮಿಕ್ಕ ವಾಹನಗಳ ಗಾಲಿ ಹಾಯುವ ಜಾಡಿನದಲ್ಲ.

ದಾರಿಲೆಕ್ಕ

ಅಂದರೆ ಕಸದ ಲಾರಿ ಬೇಡವೇ? ಚಾಲಕರ ಫೋನ್ ಸಾಕು ಎನ್ನುವ ವಾದವೂ ಇದೆ. ಅಮೆರಿಕದ ಬಾಸ್ಟನ್‌ನಲ್ಲಿ 2012ರ ಹೊತ್ತಿಗೆ, ಕಾರಿನಲ್ಲಿಟ್ಟ ಫೋನಿನಿಂದ ಕುಲುಕಾಟ ದಾಖಲಿಸುವ ಸ್ಟ್ರೀಟ್ ಬಂಪ್ ಎಂಬ ಆಪ್ ಬಂದಿತ್ತಲ್ಲ.

ಅಕ್ಷದಕಂಪ

ಲಾರಿ ಬೇಡ ಅನ್ನಲಾರೆ. ಐಆರ್‌ಐ ಬೇಕು ಅಂತ ಹಟ ಹಿಡಿಯಬೇಡಿ ಅಂದೆ, ಅಷ್ಟೇ. ಒಳರಸ್ತೆಗೆ 1ರಿಂದ 5ರ ಸಾಪೇಕ್ಷ ಸೂಚ್ಯಂಕ ಸಾಕು, ಅದನ್ನು ಲಾರಿ ಕೊಡುತ್ತದೆ. 90 ಕಿ.ಮೀ. ಮುಖ್ಯರಸ್ತೆಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಲೇಸರ್ ಪ್ರೊಫೈಲರ್ ತರಿಸಿ. ಅದಕ್ಕೂ ಸುಮಾರು 25 ಕಿ.ಮೀ. ಕನಿಷ್ಠ ವೇಗ ಬೇಕು, ಇಲ್ಲದಿದ್ದರೆ ಅದರೊಳಗಿನ ಆಕ್ಸಿಲರೋಮೀಟರ್ ದಿಕ್ಕು ತಪ್ಪುತ್ತದೆ. ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುವ ಹೊತ್ತಿನಲ್ಲಿ ಓಡಿಸಬೇಡಿ, ರಾತ್ರಿ ಓಡಿಸಿ.

ಸ್ಟ್ರೀಟ್ ಬಂಪ್‌ನಿಂದ ಎರಡು ವಿಷಯ ಗೊತ್ತಾಯಿತು. ಬಂದ ವರದಿಗಳಲ್ಲಿ ದೊಡ್ಡ ಪಾಲು ಗುಂಡಿಯಲ್ಲ, ರಸ್ತೆ ಮಟ್ಟಕ್ಕಿಂತ ಕುಸಿದ ಮ್ಯಾನ್‌ಹೋಲ್ ಮುಚ್ಚಳಗಳು. ಮತ್ತೆ, ಫೋನೂ ಕಾರೂ ಹೆಚ್ಚಿರುವ ಬಡಾವಣೆಗಳಿಂದಲೇ ಹೆಚ್ಚು ಡೇಟಾ ಬರುತ್ತದೆ; ಬಡವರ ಬೀದಿ ನಕ್ಷೆಯಲ್ಲಿ ಹಸಿರಾಗಿಯೇ ಉಳಿಯುತ್ತದೆ. ಕಸದ ಲಾರಿಗೆ ಆ ಪಕ್ಷಪಾತವಿಲ್ಲ. ಅದೇ ಅದರ ದೊಡ್ಡ ಗುಣ.

ಫೋನಿನ ಮೇಲೆ ನನ್ನ ತಕರಾರು ಬೇರೆ. ಅನೇಕ ಆಪ್‌ಗಳು ಸೆಕೆಂಡಿಗೆ 50 ಬಾರಿ ಓದುತ್ತವೆ. ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ 1,100 ಸುತ್ತಿನಲ್ಲಿ ಓಡುವಾಗ ಅದರ ಬಡಿತ 36.7 ಹರ್ಟ್ಜ್. ಅಷ್ಟು ವೇಗದ ಬಡಿತ ಹಿಡಿಯಲು 50 ಓದು ಸಾಲದೆ ಅದು ಮಡಚಿಕೊಂಡು 13.3 ಹರ್ಟ್ಜ್ (50ರಿಂದ 36.7 ಕಳೆದದ್ದು) ಆಗಿ ಕಾಣುತ್ತದೆ, ಅಂದರೆ ಸರಿಯಾಗಿ ಗಾಲಿ ಕುಣಿಯುವ ಜಾಗಕ್ಕೆ ಬಂದು ಕೂರುತ್ತದೆ. ನುಣುಪಾದ ರಸ್ತೆಯೂ ಒರಟಾಗಿ ಕಾಣುತ್ತದೆ. ಒಮ್ಮೆ ಮಡಚಿದ ಮೇಲೆ ಯಾವ ಸಾಫ್ಟ್‌ವೇರ್ ಫಿಲ್ಟರೂ ಅದನ್ನು ಬೇರ್ಪಡಿಸದು.

ಪೆಟ್ಟಿಗೆಗೆ ನನ್ನ ಪಟ್ಟಿ:

ಆಕ್ಸಿಲರೋಮೀಟರ್ ಎರಡು. ಒಂದು ಅಕ್ಷದ (ಆಕ್ಸಲ್) ಮೇಲೆ, ಗಾಲಿಗೆ ಆದಷ್ಟು ಹತ್ತಿರ. ಇದಕ್ಕೆ ±16 ಜಿ (ಗುರುತ್ವದ 16 ಪಟ್ಟು) ವ್ಯಾಪ್ತಿ ಬೇಕು, ±2 ಜಿ ಹಾಕಿದರೆ ಮೊದಲ ಗುಂಡಿಗೇ ತುದಿ ಕತ್ತರಿಸಿ ಹೋಗುತ್ತದೆ. ಇನ್ನೊಂದು ಅದರ ನೇರ ಮೇಲೆ ಚಾಸಿಗೆ, ±4 ಜಿ ಸಾಕು. ಎರಡರ ವ್ಯತ್ಯಾಸ ನೋಡಿದರೆ ಸಸ್ಪೆನ್ಷನ್ ಸವೆದದ್ದೂ ತಿಳಿಯುತ್ತದೆ. ಓದು ಸೆಕೆಂಡಿಗೆ 400, ಅದಕ್ಕೆ ಮುಂಚೆ 100 ಹರ್ಟ್ಜ್‌ನಲ್ಲಿ ಕತ್ತರಿಸುವ ಫಿಲ್ಟರ್. ಬೋಲ್ಟ್ ಹಾಕಿ ಬಿಗಿಯಿರಿ. ಅಯಸ್ಕಾಂತ, ಡಬಲ್ ಟೇಪ್, ಡ್ಯಾಶ್‌ಬೋರ್ಡ್ ಹೋಲ್ಡರ್ ಯಾವುದೂ ಬೇಡ, ಅವೆಲ್ಲ ತಮ್ಮದೇ ಆವರ್ತನದಲ್ಲಿ ಅಲುಗುತ್ತವೆ.

ವಿದ್ಯುತ್: ಲಾರಿಯದು 24 ವೋಲ್ಟ್, ಸ್ಟಾರ್ಟ್ ಮಾಡುವಾಗ ಕುಸಿಯುತ್ತದೆ, ಆಲ್ಟರ್ನೇಟರ್‌ನಿಂದ ಬ್ಯಾಟರಿ ತಪ್ಪಿದರೆ ಒಮ್ಮೆಲೇ ಏರುತ್ತದೆ. 9ರಿಂದ 36 ವೋಲ್ಟ್ ತಡೆಯುವ ಪರಿವರ್ತಕ, ಅದರ ಮುಂದೆ ಏರಿಕೆ ತಡೆಯುವ ಡಯೋಡ್. ಅಕ್ಷದ ಕಡೆಯ ಕನೆಕ್ಟರ್ ಧೂಳು ನೀರು ಹೋಗದ ಐಪಿ67 ದರ್ಜೆಯದು, ವೈರಿಗೆ ಒಂದು ಸಡಿಲ ಸುತ್ತು. ಪೆಟ್ಟಿಗೆಗಿಂತ ಮೊದಲು ಕೆಡುವುದು ಈ ವೈರೇ. ಸ್ಪ್ರಿಂಗ್ ಆಡುವ ಜಾಗದಲ್ಲಿ ಅದು ಬಾಗಿ ಬಾಗಿ ಒಳಗೆ ತುಂಡಾಗುತ್ತದೆ, ಹೊರಗೆ ಏನೂ ಕಾಣದು.

ಡೇಟಾ ಹೊರೆ ಹೆಚ್ಚಿಲ್ಲ. ಒಂದು ಸೆನ್ಸರ್, ಮೂರು ದಿಕ್ಕು, 400 ಓದು, ತಲಾ 2 ಬೈಟ್: ಗಂಟೆಗೆ 8.6 ಎಂಬಿ. ಸಿಮ್ ಮೂಲಕ 10 ಮೀಟರಿಗೊಂದು ಸಾರಾಂಶ ಮಾತ್ರ ಕಳಿಸಿ, ಕಚ್ಚಾ ಡೇಟಾವನ್ನು ಸಂಜೆ ಡಿಪೋದ ವೈಫೈನಲ್ಲಿ ಇಳಿಸಿಕೊಳ್ಳಿ. ಕಚ್ಚಾ ಡೇಟಾ ಇಟ್ಟುಕೊಂಡಿದ್ದರೆ ನಾಳೆ ಸೂತ್ರ ಬದಲಾದಾಗ ಹಳೆಯ ವರ್ಷಗಳನ್ನೂ ಮತ್ತೆ ಲೆಕ್ಕ ಹಾಕಬಹುದು.

ನಕ್ಷೆಕಟ್ಟೆ

ಜಾಗದ ಲೆಕ್ಕ ಯಾರೂ ಎತ್ತಲಿಲ್ಲ. ಜಿಪಿಎಸ್ ಸೆಕೆಂಡಿಗೊಮ್ಮೆ ಓದಿದರೆ 36 ಕಿ.ಮೀ. ವೇಗದಲ್ಲಿ ಎರಡು ಓದಿನ ನಡುವೆ 10 ಮೀಟರ್. ಅದರ ಮೇಲೆ ಬಯಲಿನಲ್ಲೇ 3ರಿಂದ 5 ಮೀಟರ್ ತಪ್ಪು, ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಎರಡು ಗಡಿಯಾರಗಳ ನಡುವೆ 200 ಮಿಲಿಸೆಕೆಂಡ್ ವ್ಯತ್ಯಾಸವಿದ್ದರೆ ಮತ್ತೆ 2 ಮೀಟರ್. ಪರಿಹಾರ: 10 ಹರ್ಟ್ಜ್ ರಿಸೀವರ್, ಅದರ ಸೆಕೆಂಡ್ ಪಲ್ಸ್‌ನಿಂದಲೇ ಆಕ್ಸಿಲರೋಮೀಟರ್ ಗಡಿಯಾರ ಹೊಂದಿಸುವುದು, ಗಾಲಿಯ ಸುತ್ತು ಎಣಿಸುವ ಎನ್‌ಕೋಡರ್‌ನಿಂದ ದೂರ.

ಅದಕ್ಕಿಂತ ಮುಖ್ಯ, ಚುಕ್ಕಿಗಳನ್ನು ಚುಕ್ಕಿಗಳಾಗಿ ಇಟ್ಟುಕೊಳ್ಳಬೇಡಿ. ಪ್ರತಿ ರಸ್ತೆಗೂ ಬದಲಾಗದ ಒಂದು ಸಂಖ್ಯೆ ಕೊಡಿ, ಆರಂಭದಿಂದ ಎಷ್ಟು ಮೀಟರ್ ಎಂಬ ಲೆಕ್ಕ ಇಡಿ, ಎಲ್ಲ ಅಳತೆಯನ್ನೂ ಆ ಮೀಟರ್ ಲೆಕ್ಕಕ್ಕೆ ಜೋಡಿಸಿ. ಮೇಲ್ಸೇತುವೆ ಮತ್ತು ಅದರ ಕೆಳಗಿನ ಸರ್ವಿಸ್ ರಸ್ತೆ, ವಿಭಜಕದ ಎರಡು ಬದಿ, ಇವಕ್ಕೆ ಬೇರೆ ಬೇರೆ ಸಂಖ್ಯೆ ಇಲ್ಲದಿದ್ದರೆ ಒಂದರ ಗುಂಡಿ ಇನ್ನೊಂದರ ತಲೆಗೆ ಬೀಳುತ್ತದೆ.

ರಸ್ತೆ ಉಬ್ಬು, ಮ್ಯಾನ್‌ಹೋಲ್, ಸೇತುವೆಯ ಕೀಲು, ರೈಲು ಹಳಿ ದಾಟುವ ಜಾಗ, ಇವೆಲ್ಲವನ್ನೂ ಮೊದಲೇ ನಕ್ಷೆಗೆ ಏರಿಸಿ. ಲೆಕ್ಕ ಹಾಕುವಾಗ ಅವುಗಳ ಎರಡೂ ಬದಿ 10 ಮೀಟರ್ ಬಿಟ್ಟುಬಿಡಿ. ಬಿಡದಿದ್ದರೆ ಉಬ್ಬು ಹೆಚ್ಚಿರುವ ಶಾಲೆ ಬೀದಿಯೇ ನಗರದ ಅತಿ ಕೆಟ್ಟ ರಸ್ತೆ ಎಂದು ಪಟ್ಟಿಯ ಮೇಲೆ ಕೂರುತ್ತದೆ.

ಚಿತ್ರಬಿಂದು

ಕ್ಯಾಮೆರಾ ಬಗ್ಗೆ. 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 11.1 ಮೀಟರ್. ಶಟರ್ 1/1000 ಸೆಕೆಂಡ್ ಇದ್ದರೆ ಅಷ್ಟರಲ್ಲಿ ಲಾರಿ 11 ಮಿ.ಮೀ. ಸರಿದಿರುತ್ತದೆ, 3 ಮಿ.ಮೀ. ಬಿರುಕು ಅದರಲ್ಲಿ ಕರಗಿಹೋಗುತ್ತದೆ. 1/4000ಕ್ಕೆ ಇಳಿಸಿದರೆ ಮಸುಕು 2.8 ಮಿ.ಮೀ. ಆಗ ಬೆಳಕು ಸಾಲುವುದಿಲ್ಲ, ಲೆನ್ಸ್ ದೊಡ್ಡದು ಬೇಕು. ಇನ್ನು 1,920 ಪಿಕ್ಸೆಲ್ ಅಗಲದ ಚಿತ್ರ 4 ಮೀಟರ್ ರಸ್ತೆಯನ್ನು ತುಂಬಿದರೆ ಹತ್ತಿರದಲ್ಲೇ ಒಂದು ಪಿಕ್ಸೆಲ್‌ಗೆ 2 ಮಿ.ಮೀ.; ಮುಂದಕ್ಕೆ ಹೋದಂತೆ ಇನ್ನೂ ಕೆಟ್ಟದು. ಗಾಜಿನ ಹಿಂದೆ ಕೂರಿಸುವ ಸಾಮಾನ್ಯ ಡ್ಯಾಶ್‌ಕ್ಯಾಮ್‌ನಿಂದ ಮೊಸಳೆ ಚರ್ಮದ ಬಿರುಕು, ಗುಂಡಿ, ತೇಪೆ, ಅಗಲವಾದ ಸೀಳು ಸಿಗುತ್ತವೆ. ಕೂದಲೆಳೆ ಬಿರುಕು ಸಿಗುವುದಿಲ್ಲ. ಅಗ್ಗದ ಚಿಕಿತ್ಸೆಗೆ ಬೇಕಾದದ್ದು ಅದೇ ಎಂಬುದು ಬೇಸರದ ವಿಷಯ. ಅದು ಬೇಕೆಂದರೆ ಲಾರಿ ಹಿಂಬದಿಗೆ, ನೆಲಕ್ಕೆ ನೇರ ನೋಡುವ ಕ್ಯಾಮೆರಾ ಹಾಕಬೇಕು. ಅಥವಾ ಲೇಸರ್ ಗೆರೆ ಬೀಳಿಸಿ ಮೂರು ಆಯಾಮದಲ್ಲಿ ಅಳೆಯುವ ವಾಹನ ತರಿಸಬೇಕು. ಅದು 4 ಮೀಟರ್ ಅಗಲಕ್ಕೆ 1 ಮಿ.ಮೀ. ಅಂತರದಲ್ಲಿ ಓದುತ್ತದೆ, ಗಾಲಿ ಜಾಡಿನ ಆಳವೂ ಅದರಲ್ಲೇ ಬರುತ್ತದೆ.

ಗುರುತಿಸುವ ಮಾದರಿ ಕಲಿಸಲು ಆರ್‌ಡಿಡಿ2022 ಎಂಬ ಮುಕ್ತ ಸಂಗ್ರಹವಿದೆ: ಜಪಾನ್, ಭಾರತ, ಜೆಕ್, ನಾರ್ವೆ, ಅಮೆರಿಕ, ಚೀನಾ, ಆರು ದೇಶಗಳ 47,420 ಚಿತ್ರ. ಉದ್ದ ಬಿರುಕು, ಅಡ್ಡ ಬಿರುಕು, ಮೊಸಳೆ ಚರ್ಮ, ಗುಂಡಿ ಎಂದು ನಾಲ್ಕು ವರ್ಗ. ಅದರಿಂದ ಶುರು ಮಾಡಿ, ಆದರೆ ನಿಮ್ಮ ಊರಿನ ಒಂದೆರಡು ಸಾವಿರ ಚಿತ್ರಗಳನ್ನು ಗುರುತು ಹಾಕಿ ಸೇರಿಸದೆ ನಂಬಬೇಡಿ. ವಿದ್ಯುತ್ ತಂತಿಯ ನೆರಳು ಉದ್ದ ಬಿರುಕಾಗುತ್ತದೆ, ಒದ್ದೆ ಕಲೆ ಗುಂಡಿಯಾಗುತ್ತದೆ, ಟಾರ್ ತುಂಬಿ ಮುಚ್ಚಿದ ಹಳೆಯ ಬಿರುಕು ಹೊಸದೆಂದು ಎಣಿಕೆಗೆ ಬರುತ್ತದೆ.

ಒಂದು ಸುಲಭ ಉಪಾಯ: ಮಳೆ ನಿಂತು ಮೇಲ್ಮೈ ಒಣಗುತ್ತಿರುವಾಗ ಚಿತ್ರ ತೆಗೆಯಿರಿ. ಮೇಲ್ಮೈ ಬೆಳ್ಳಗಾದರೂ ಬಿರುಕಿನೊಳಗೆ ತೇವ ನಿಂತು ಕಪ್ಪು ಗೆರೆ ಎದ್ದು ಕಾಣುತ್ತದೆ. ಆ ಹೊತ್ತು ಹೆಚ್ಚು ಉಳಿಯುವುದಿಲ್ಲ. ಮುಖ, ವಾಹನದ ನಂಬರ್ ಪ್ಲೇಟ್ ಮಸುಕು ಮಾಡುವ ಕೆಲಸ ಪೆಟ್ಟಿಗೆಯೊಳಗೇ ಆಗಲಿ, ಸರ್ವರ್‌ಗೆ ಹೋದ ಮೇಲಲ್ಲ.

ಪದರಪದರ

ಈಗ ಒಳಗಿನ ಗಟ್ಟಿತನ. ಎರಡು ರಸ್ತೆ ತೆಗೆದುಕೊಳ್ಳಿ, ಎರಡಕ್ಕೂ ಐಆರ್‌ಐ 5. ಭಾರ ಬೀಳಿಸಿ ಬಾಗು ಅಳೆದಾಗ ಒಂದು 0.4 ಮಿ.ಮೀ. ಬಾಗಿತು, ಇನ್ನೊಂದು 1.2 ಮಿ.ಮೀ. ಲಾರಿಯ ಪೆಟ್ಟಿಗೆಗೆ ಎರಡೂ ಒಂದೇ. ಮೊದಲನೆಯದಕ್ಕೆ ಮೇಲ್ಪದರ ಕೆರೆದು ಹೊಸದು ಹಾಕಿದರೆ ಸಾಕು. ಎರಡನೆಯದಕ್ಕೂ ಅದನ್ನೇ ಮಾಡಿದರೆ ಹೊಸ ಪದರದ ಮೇಲೆ ಹಳೆಯ ಬಿರುಕೇ ಬೇಗ ಮೂಡುತ್ತದೆ. ತಳದ ಜಲ್ಲಿ, ಅಡಿಮಣ್ಣು ನೋಡಲೇಬೇಕು.

ಅಳೆಯುವ ಯಂತ್ರ ಎಫ್‌ಡಬ್ಲ್ಯುಡಿ (ಫಾಲಿಂಗ್ ವೆಯ್ಟ್ ಡಿಫ್ಲೆಕ್ಟೋಮೀಟರ್). 300 ಮಿ.ಮೀ. ವ್ಯಾಸದ ತಟ್ಟೆಯ ಮೇಲೆ 40 ಕಿಲೋನ್ಯೂಟನ್ ಹೊಡೆತ, ಅಂದರೆ ಸುಮಾರು 566 ಕಿಲೋಪಾಸ್ಕಲ್, 25ರಿಂದ 30 ಮಿಲಿಸೆಕೆಂಡ್. ಹಾದುಹೋಗುವ ಭಾರಿ ಗಾಲಿಯೊಂದರ ಒತ್ತಡದ ಅಣಕು ಅದು. ತಟ್ಟೆಯ ಮಧ್ಯದಿಂದ 300, 600, 900, 1,200 ಮಿ.ಮೀ. ಹೀಗೆ ದೂರಕ್ಕೆ ಇಟ್ಟ, ನೆಲದ ಅಲುಗಾಟ ಹಿಡಿಯುವ ಜಿಯೋಫೋನ್‌ಗಳು ಬಾಗನ್ನು ಓದುತ್ತವೆ. ಮಧ್ಯದ ಓದಿನಿಂದ 300ರ ಓದು ಕಳೆದರೆ ಬರುವ ವ್ಯತ್ಯಾಸ ದೊಡ್ಡದಿದ್ದರೆ ದೋಷ ಮೇಲಿನ ಪದರಗಳಲ್ಲಿ. ದೂರದ ಓದುಗಳೇ ಹೆಚ್ಚಿದ್ದರೆ ದೋಷ ಅಡಿಮಣ್ಣಿನಲ್ಲಿ.

ಇಲ್ಲಿ ಕೈಕೊಡುವುದು ಉಷ್ಣಾಂಶ. ಡಾಂಬರು ಬಿಸಿಲಿಗೆ ಮೆತ್ತಗಾಗುತ್ತದೆ. ಬೆಳಗಿನ ಓದನ್ನೂ ಮಧ್ಯಾಹ್ನದ ಓದನ್ನೂ ನೇರ ಹೋಲಿಸುವಂತಿಲ್ಲ. ಪದರಕ್ಕೆ ಸುಮಾರು 40 ಮಿ.ಮೀ. ರಂಧ್ರ ಕೊರೆದು, ಒಂದೆರಡು ತೊಟ್ಟು ಗ್ಲಿಸರಾಲ್ ಬಿಟ್ಟು ಒಳಗಿನ ಉಷ್ಣಾಂಶ ಓದಿ, ಎಲ್ಲ ಅಳತೆಯನ್ನೂ ಒಂದೇ ಪ್ರಮಾಣ ಉಷ್ಣಾಂಶಕ್ಕೆ ತಿದ್ದಬೇಕು. ಮೇಲ್ಮೈಗೆ ಇನ್‌ಫ್ರಾರೆಡ್ ಗನ್ ಹಿಡಿದು ಬರೆದುಕೊಂಡರೆ ಸಾಲದು. ಅಡಿಮಣ್ಣು ನೆನೆದಾಗಲೇ ಅದರ ನಿಜವಾದ ದುರ್ಬಲತೆ ತಿಳಿಯುವುದು, ಹಾಗಾಗಿ ಮಳೆಗಾಲ ಮುಗಿಯುತ್ತಿದ್ದಂತೆ ಅಳೆಯುವುದು ಒಳ್ಳೆಯದು.

600 ಕಿ.ಮೀ.ಗೂ ಇದನ್ನು ಮಾಡಬೇಕಿಲ್ಲ, ಪ್ರತಿ ಬಿಂದುವಿಗೂ ವಾಹನ ನಿಲ್ಲಿಸಿ ಸಂಚಾರ ತಡೆಯಬೇಕಾಗುತ್ತದೆ. ಲಾರಿ ಮತ್ತು ಕ್ಯಾಮೆರಾ ಸೇರಿ ಎಲ್ಲಿ ಸಂಶಯ ತೋರಿಸುತ್ತವೋ ಅಲ್ಲಿ ಮಾತ್ರ, 50ರಿಂದ 100 ಮೀಟರಿಗೊಂದು ಬಿಂದು. ಮ್ಯಾನ್‌ಹೋಲ್, ಮೋರಿಯ ಅಂಚು ಬಿಟ್ಟು.

ಪದರದ ದಪ್ಪಕ್ಕೆ ನೆಲದ ರಾಡಾರ್ ಇದೆ. ತರಂಗ ಹೋಗಿ ಬರಲು ತೆಗೆದುಕೊಂಡ ಸಮಯದಿಂದ ಲೆಕ್ಕ. ಡಾಂಬರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ಇದು ಹೆಚ್ಚಿದಷ್ಟೂ ತರಂಗ ನಿಧಾನ) 6 ಎಂದು ಹಿಡಿದರೆ ವೇಗ ನ್ಯಾನೋಸೆಕೆಂಡಿಗೆ 122 ಮಿ.ಮೀ.; ಹೋಗಿ ಬರಲು 2 ನ್ಯಾನೋಸೆಕೆಂಡ್ ಆದರೆ ದಪ್ಪ 122 ಮಿ.ಮೀ. ನಿಜದಲ್ಲಿ ಅದು 8 ಇದ್ದರೆ ದಪ್ಪ 106 ಮಾತ್ರ. ನೀರಿನದು ಸುಮಾರು 80, ಆದ್ದರಿಂದ ಒದ್ದೆ ಪದರ ಲೆಕ್ಕವನ್ನು ಪೂರ್ತಿ ಕೆಡಿಸುತ್ತದೆ. ಅಲ್ಲಲ್ಲಿ ಕೋರ್ (ಕೊರೆದು ತೆಗೆದ ಪದರದ ತುಂಡು) ತೆಗೆದು ಅಳತೆ ತಾಳೆ ನೋಡದೆ ರಾಡಾರ್ ವರದಿ ಒಪ್ಪಿಕೊಳ್ಳಬೇಡಿ.

ದಾರಿಲೆಕ್ಕ

ಹೊಸ ರಸ್ತೆ ಹಾಕುವಾಗಲೇ ಒಳಗೆ ಸ್ಟ್ರೇನ್ ಗೇಜ್ (ಪದರ ಎಷ್ಟು ಹಿಗ್ಗಿತು ಎಂದು ಅಳೆಯುವ ಸೆನ್ಸರ್), ತೇವ ಸೆನ್ಸರ್ ಹೂಳುವ ಬಗ್ಗೆ?

ಪದರಪದರ

ಸಂಶೋಧನೆಗೆ ಸರಿ, ನಗರ ಯೋಜನೆಗೆ ಬೇಡ. 150 ಡಿಗ್ರಿ ಆಸುಪಾಸಿನ ಮಿಶ್ರಣ, ಮೇಲೆ ರೋಲರ್. ಹಾಕುವ ದಿನವೇ ಒಂದಷ್ಟು ಸಾಯುತ್ತವೆ. ಉಳಿದವುಗಳ ವೈರನ್ನು ಮುಂದಿನ ಪೈಪ್ ಅಗೆತ ಕತ್ತರಿಸುತ್ತದೆ. ಹೂಳುವುದೇ ಆದರೆ ತೂಕ ಅಳೆಯುವ ಪಟ್ಟಿ ಹೂಳಿ, ಅದೂ ಆಯ್ದ ನಾಲ್ಕಾರು ಜಾಗದಲ್ಲಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958–60ರಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಬಂದ ನಿಯಮದಂತೆ ಹಾನಿ ಅಕ್ಷಭಾರದ ನಾಲ್ಕನೇ ಘಾತಕ್ಕೆ ಹತ್ತಿರ. 8 ಟನ್ ಅಕ್ಷ 10 ಟನ್ ಆದರೆ ಹಾನಿ 2.4 ಪಟ್ಟು. ಒತ್ತಿದರೆ ವಿದ್ಯುತ್ ಸಂಕೇತ ಕೊಡುವ ಪಾಲಿಮರ್ ಪೀಜೋ ಪಟ್ಟಿ ಅಗ್ಗ, ಆದರೆ ಉಷ್ಣಾಂಶಕ್ಕೆ ಓದು ಓಲಾಡುತ್ತದೆ. ಕ್ವಾರ್ಟ್ಜ್ ದುಬಾರಿಯಾದರೂ ಸ್ಥಿರ. ಅಂದಹಾಗೆ, ಒಳರಸ್ತೆಗಳಲ್ಲಿ ಓಡಾಡುವ ಅತಿ ಭಾರದ ಅಕ್ಷಗಳಲ್ಲಿ ಒಂದು ನಿಮ್ಮ ತುಂಬಿದ ಕಸದ ಲಾರಿಯದೇ.

ನೀರುಹರಿವು

ಮೇಲೆ ನೀರಿನದನ್ನು ನಾಲ್ಕನೇ ಪ್ರಶ್ನೆ ಅಂತ ಬರೆದು ಅಲ್ಲಿಗೇ ಕೈಬಿಟ್ಟಿದ್ದೀರಿ. ನನ್ನ ಪ್ರಕಾರ ಅದೇ ಮೊದಲನೆಯದು. ಸೆನ್ಸರ್ ತೋರಿಸುವುದೆಲ್ಲ ನೀರು ಮಾಡಿದ ಕೆಲಸದ ಫಲ.

ಲಾರಿಯ ವಾಲು ಅಳೆಯುವ ಜಡತ್ವ ಸೆನ್ಸರ್‌ನಿಂದ ರಸ್ತೆಯ ಅಡ್ಡ ಇಳಿಜಾರು ತೆಗೆಯುತ್ತೇವೆ ಅಂತ ಕೆಲವರು ಮಾರುತ್ತಾರೆ. ಇಳಿಜಾರು ಇರಬೇಕಾದದ್ದೇ ಶೇ. 2ರಿಂದ 2.5. ಲಾರಿಯ ಮೈ ಒಂದು ಡಿಗ್ರಿ ವಾಲಿದರೆ ಶೇ. 1.75 ತಪ್ಪು. ಕಸ ಒಂದು ಬದಿಗೆ ಹೆಚ್ಚು ತುಂಬಿದರೂ ಅಷ್ಟು ವಾಲುತ್ತದೆ. ಮೈ ಮತ್ತು ನೆಲದ ನಡುವಿನ ಎತ್ತರವನ್ನು ಎರಡೂ ಬದಿಯಲ್ಲಿ ಅಳೆಯುವ ಲೇಸರ್ ಇಲ್ಲದೆ ಆ ಅಂಕಿ ಕಸ. ಲೇಸರ್‌ನಿಂದ ಸುತ್ತಲಿನ ಮೂರು ಆಯಾಮದ ನಕ್ಷೆ ತೆಗೆಯುವ ಲಿಡಾರ್ ವಾಹನ ಒಮ್ಮೆ ಓಡಿಸಿದರೆ ಇಡೀ ನಗರದ ಇಳಿಜಾರು ಸಿಗುತ್ತದೆ. ಅದು ವರ್ಷ ವರ್ಷ ಬದಲಾಗುವ ಸಂಗತಿಯಲ್ಲ.

ಅಗ್ಗದ ದಾರಿಯೂ ಇದೆ. ಮಳೆ ನಿಂತ ಅರ್ಧ ಗಂಟೆಯ ನಂತರದ ಕ್ಯಾಮೆರಾ ಚಿತ್ರಗಳಲ್ಲಿ ಇನ್ನೂ ನೀರು ನಿಂತ ಜಾಗಗಳನ್ನು ಗುರುತಿಸಿ ಬೇರೆ ಪದರವಾಗಿ ಇಡಿ. ಇಳಿಜಾರು ಶೇ. 1ಕ್ಕಿಂತ ಕಡಿಮೆಯಾದಲ್ಲಿ 8 ಮಿ.ಮೀ. ಆಳದ ಗಾಲಿ ಜಾಡೂ ನೀರು ಹಿಡಿಯುತ್ತದೆ. ಆ ಪದರದ ಮೇಲೆ ಒರಟು ಸೂಚ್ಯಂಕ ಇಟ್ಟು ನೋಡಿದರೆ ಎಲ್ಲಿ ಡಾಂಬರಿಗಿಂತ ಮೊದಲು ಚರಂಡಿ ಮೋರಿ ಸರಿಮಾಡಬೇಕು ಎಂಬುದು ತಾನೇ ಕಾಣುತ್ತದೆ. ಪದೇ ಪದೇ ಮರುಡಾಂಬರು ಮಾಡಿ ರಸ್ತೆ ಎತ್ತರವಾಗಿ ಚರಂಡಿಯ ಬಾಯಿ ಮುಚ್ಚಿದ ಕಡೆಗಳೂ ಸಿಗುತ್ತವೆ.

ಟೆಂಡರ್‌ಕಣ್ಣು

ಕೊಳ್ಳುವಾಗ ಗಮನಿಸಬೇಕಾದ್ದು. "ನಿಖರತೆ ಶೇ. 95" ಎಂಬ ಸಾಲಿಗೆ ಅರ್ಥವಿಲ್ಲ, ಯಾವುದರ ಶೇ. 95? ಬದಲಿಗೆ ಹೀಗೆ ಬರೆಯಿರಿ: ನುಣುಪಿನಿಂದ ಒರಟಿನವರೆಗೆ ಹರಡಿದ, ತಲಾ 200 ಮೀಟರ್‌ನ ಎಂಟು ತುಂಡು ರಸ್ತೆ. ಅವನ್ನು ನಡೆದು ಅಳೆಯುವ ಪ್ರೊಫೈಲರ್‌ನಿಂದ ಬೇರೆ ಸಂಸ್ಥೆ ಅಳೆಯುತ್ತದೆ. ಪ್ರತಿ ಲಾರಿಯೂ ಅಲ್ಲಿ 15, 25, 40 ಕಿ.ಮೀ. ವೇಗದಲ್ಲಿ ಐದೈದು ಬಾರಿ ಓಡಬೇಕು, ಖಾಲಿಯಾಗಿ ಒಮ್ಮೆ, ತುಂಬಿ ಒಮ್ಮೆ. ಐದು ಓಟಗಳ ಹರವು ಎಷ್ಟಿರಬಹುದು ಎಂಬ ಮಿತಿಯನ್ನು ಟೆಂಡರಿನಲ್ಲೇ ಹಾಕಿ. ಟೈರ್, ಸ್ಪ್ರಿಂಗ್ ಬದಲಾದಾಗ ಮತ್ತೆ ಪರೀಕ್ಷೆ.

ಡಿಪೋಗೆ ಹೋಗುವ ರಸ್ತೆಯಲ್ಲೇ ಒಂದು ತುಂಡನ್ನು ನಿಯಂತ್ರಣ ತುಂಡಾಗಿ ಇಟ್ಟುಕೊಳ್ಳಿ, ಎಲ್ಲ ಲಾರಿಗಳೂ ದಿನಾ ಅದರ ಮೇಲೆ ಹೋಗುತ್ತವೆ. 40 ಲಾರಿಗಳ ಓದೂ ಏರಿದರೆ ರಸ್ತೆ ಕೆಟ್ಟಿದೆ. ಒಂದರದ್ದು ಮಾತ್ರ ಏರಿದರೆ ಆ ಲಾರಿಯ ಟೈರೋ ಬೋಲ್ಟೋ ನೋಡಿ.

ಕಚ್ಚಾ ಡೇಟಾ, ಸೂತ್ರ, ಗುರುತು ಹಾಕಿದ ಚಿತ್ರ ಎಲ್ಲವೂ ನಗರದ ಸ್ವತ್ತು ಎಂಬ ಷರತ್ತು ಇರಲಿ. ಡ್ಯಾಶ್‌ಬೋರ್ಡ್ ಮಾತ್ರ ಕೊಟ್ಟು ಡೇಟಾವನ್ನು ತನ್ನಲ್ಲೇ ಇಟ್ಟುಕೊಳ್ಳುವ ಮಾರಾಟಗಾರ ಮೂರು ವರ್ಷದ ನಂತರ ಹೇಳಿದ್ದೇ ದರ.

ನಕ್ಷೆಕಟ್ಟೆ

ಚುಕ್ಕಿಯಿಂದ ಪಟ್ಟಿಗೆ ಹೋಗುವ ಮೂರನೇ ಪ್ರಶ್ನೆಗೆ ಬರೋಣ. 10 ಮೀಟರ್ ಸಾರಾಂಶಗಳನ್ನು ನೇರವಾಗಿ ಕಾಮಗಾರಿ ಮಾಡಲಾಗದು, 10 ಮೀಟರಿಗೆ ಪೇವರ್ (ಡಾಂಬರು ಹಾಸುವ ಯಂತ್ರ) ತರಿಸಲು ಆಗುತ್ತದೆಯೇ? ರಸ್ತೆಯುದ್ದಕ್ಕೂ ಪ್ರತಿ ಸಾರಾಂಶಕ್ಕೂ ಸರಾಸರಿಗೂ ಇರುವ ವ್ಯತ್ಯಾಸವನ್ನು ಒಂದರ ಮೇಲೊಂದು ಕೂಡಿಸುತ್ತಾ ಗೆರೆ ಎಳೆಯಿರಿ. ಗೆರೆಯ ಓರೆ ದಿಕ್ಕು ಬದಲಿಸುವ ಬಿಂದುಗಳೇ ತುಂಡುಗಳ ಗಡಿ. ಅಮೆರಿಕದ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ ಆಶ್ಟೋದ 1993ರ ಕೈಪಿಡಿಯಲ್ಲಿರುವ ವಿಧಾನ ಇದು, ಸ್ಪ್ರೆಡ್‌ಶೀಟ್ ಸಾಕು. ಬರುವ ತುಂಡು ತೀರಾ ಚಿಕ್ಕದಾದರೆ ಪಕ್ಕದ್ದಕ್ಕೆ ಸೇರಿಸಿ.

ಆಮೇಲೆ ಕೆಟ್ಟದ್ದರಿಂದ ಶುರು ಮಾಡುವ ಅಭ್ಯಾಸ ಬಿಡಬೇಕು. ಲೆಕ್ಕಕ್ಕೆ, ಒಂದು ಕಿ.ಮೀ. ತೆಳು ಸೀಲ್‌ಗೆ 1 ಪಾಲು ಹಣ, ಮೇಲ್ಪದರಕ್ಕೆ 4, ಮರುನಿರ್ಮಾಣಕ್ಕೆ 12 ಎಂದಿಟ್ಟುಕೊಳ್ಳಿ. 60 ಪಾಲು ಹಣವಿದ್ದರೆ ಅತಿ ಕೆಟ್ಟ 5 ಕಿ.ಮೀ. ಹೊಸದಾಗುತ್ತದೆ. ಅದೇ ವರ್ಷ, ಸೀಲ್ ಮಾಡಬಹುದಾಗಿದ್ದ ಒಂದಿಷ್ಟು ರಸ್ತೆ ಜಾರಿ ಮೇಲ್ಪದರದ ವರ್ಗಕ್ಕೆ ಬೀಳುತ್ತದೆ. ಅಲ್ಲಿ ಪ್ರತಿ ಕಿ.ಮೀ.ಗೆ 3 ಪಾಲು ಸಾಲ ಏರಿತು.

ಟೆಂಡರ್‌ಕಣ್ಣು

ತಾತ್ವಿಕವಾಗಿ ಸರಿ. ಆದರೆ ಚೆನ್ನಾಗಿ ಕಾಣುವ ರಸ್ತೆಗೆ ಸೀಲ್ ಹಾಕಿ ಗುಂಡಿ ಬಿದ್ದ ರಸ್ತೆಯನ್ನು ಬಿಟ್ಟರೆ ಜನ ಸುಮ್ಮನಿರುತ್ತಾರೆಯೇ? ಹಣವನ್ನು ಮೊದಲೇ ಪಾಲು ಮಾಡಿಡಿ: ಸಂರಕ್ಷಣೆಗೆ ಇಷ್ಟು, ಬುಡದ ಕೆಲಸಕ್ಕೆ ಇಷ್ಟು, ತುರ್ತು ತೇಪೆಗೆ ಇಷ್ಟು. ಒಂದರಿಂದ ಇನ್ನೊಂದಕ್ಕೆ ವರ್ಷದ ಮಧ್ಯೆ ಸರಿಸುವಂತಿಲ್ಲ ಎಂದಿದ್ದರೆ ಮಾತ್ರ ಸಂರಕ್ಷಣೆ ಉಳಿಯುತ್ತದೆ.

ನಕ್ಷೆಕಟ್ಟೆ

ಒಪ್ಪಿದೆ. ಪಟ್ಟಿ ಅಂತಿಮ ಮಾಡುವ ಮೊದಲು ಇನ್ನೊಂದು ಜರಡಿ: ಆ ತುಂಡಿನಲ್ಲಿ ಮುಂದಿನ ಮೂರು ವರ್ಷದಲ್ಲಿ ನೀರು, ಒಳಚರಂಡಿ, ಕೇಬಲ್‌ನವರು ಅಗೆಯುವುದಿದೆಯೇ? ಇದ್ದರೆ ಸೀಲ್ ಹಾಕಿ ತಳ್ಳಿ, ಅವರ ಕೆಲಸ ಮುಗಿದ ಮೇಲೆ ಪದರ ಹಾಕಿ. ಅಗೆತದ ಪರವಾನಗಿಗೂ ಅದೇ ರಸ್ತೆ ಸಂಖ್ಯೆ, ಅದೇ ಮೀಟರ್ ಲೆಕ್ಕ ಬಳಸಿದರೆ ಈ ಜರಡಿಗೆ ನಿಮಿಷವೂ ಬೇಡ.

ದಾರಿಲೆಕ್ಕ

ಹಾಗಾದರೆ ಪರಿಷ್ಕೃತ ಪ್ರಸ್ತಾವ ಹೀಗೆ: 40ರ ಬದಲು 12 ಲಾರಿ, ಮಾರ್ಗಗಳನ್ನು ಸರದಿಯಲ್ಲಿ ಬದಲಿಸಿ ಎಲ್ಲ ಬೀದಿ ಮುಟ್ಟುವಂತೆ. ಉಳಿದ ಹಣ ಮುಖ್ಯರಸ್ತೆಯ ಲೇಸರ್ ಸಮೀಕ್ಷೆಗೂ ಸಂಶಯದ ತುಂಡುಗಳ ಬಾಗು ಪರೀಕ್ಷೆಗೂ. ಒಂದು ಅನುಮಾನ ಉಳಿದಿದೆ. ದಿನವೂ ಬರುವ ಡೇಟಾದಿಂದ ರಸ್ತೆ ಎಷ್ಟು ಬೇಗ ಹಾಳಾಗುತ್ತಿದೆ ಎಂದು ಮೊದಲ ವರ್ಷವೇ ಹೇಳಬಹುದೇ?

ಅಕ್ಷದಕಂಪ

ಆಗದು. ಅಳತೆಯ ತಪ್ಪು ±0.3 ಮೀಟರ್ ಪ್ರತಿ ಕಿ.ಮೀ., ರಸ್ತೆ ವರ್ಷಕ್ಕೆ 0.2 ಕೆಡುತ್ತದೆ ಅಂದುಕೊಳ್ಳಿ. ಒಂದು ವರ್ಷದ ವ್ಯತ್ಯಾಸ ತಪ್ಪಿನೊಳಗೇ ಮುಳುಗಿರುತ್ತದೆ. ಎಷ್ಟೋ ಓಟಗಳ ಸರಾಸರಿ ತೆಗೆದರೆ ಚದುರಿದ ತಪ್ಪು ತಗ್ಗುತ್ತದೆ. ಬೋಲ್ಟ್ ಸಡಿಲ, ಟೈರ್ ಗಾಳಿ ಕಡಿಮೆ, ಇಂಥ ಒಂದೇ ಕಡೆಗೆ ಎಳೆಯುವ ತಪ್ಪು ಸರಾಸರಿಯಿಂದ ಹೋಗುವುದಿಲ್ಲ. ಮೂರು ವರ್ಷ ಕಾಯಿರಿ.

ದಿನದ ಡೇಟಾಗೆ ಬೇರೆ ಕೆಲಸ ಕೊಡಿ: ದಿಢೀರ್ ಬದಲಾವಣೆ. ಪೈಪ್ ಹೂಳಿ ಮುಚ್ಚಿದ ಅಗೆತ ಮಳೆ ಬಂದ ಮೇಲೆ ಕುಸಿಯುವುದು, ಮ್ಯಾನ್‌ಹೋಲ್ ಚೌಕಟ್ಟು ಸಡಿಲವಾಗುವುದು. ಒಂದೇ 10 ಮೀಟರ್ ತುಂಡಿನಲ್ಲಿ ಎರಡು ಬೇರೆ ಲಾರಿಗಳು ಎರಡು ಬೇರೆ ದಿನ ಹೆಚ್ಚಳ ತೋರಿಸಿದರೆ ತೇಪೆ ತಂಡಕ್ಕೆ ಚೀಟಿ ಹೋಗಲಿ. ವಾರ್ಷಿಕ ಪಟ್ಟಿಗೆ ಅದು ಸೇರಬಾರದು, ಆದರೆ ಯಾವ ಅಗೆತ, ಯಾವ ಗುತ್ತಿಗೆದಾರ ಎಂದು ಪರವಾನಗಿ ದಾಖಲೆಗೆ ಜೋಡಿಸಿ. ಹೊಣೆ ಅವಧಿಯೊಳಗಿದ್ದರೆ ಖರ್ಚು ಅವರದು.

12 ಲಾರಿಗೆ ನನ್ನ ಒಪ್ಪಿಗೆ. ಸರದಿ ಬದಲಿಸುವಾಗ ಪ್ರತಿ ಬೀದಿಗೂ ಕನಿಷ್ಠ ಎರಡು ಬೇರೆ ಲಾರಿ ಹೋಗುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಕೆಟ್ಟದ್ದು ಲಾರಿಯೋ ಬೀದಿಯೋ ಗೊತ್ತಾಗದು. ಮತ್ತೆ ವೈರಿಂಗ್ ನಕ್ಷೆಯಲ್ಲಿ ಫ್ಯೂಸನ್ನು ಪೆಟ್ಟಿಗೆಯ ಕಡೆ ಹಾಕಬೇಡಿ, ಬ್ಯಾಟರಿಯ ಕಡೆ ಇರಲಿ. ವೈರ್ ಚಾಸಿಗೆ ಉಜ್ಜಿ ಶಾರ್ಟ್ ಆಗುವುದು ನಡುದಾರಿಯಲ್ಲಿ; ಫ್ಯೂಸ್ ಅದರ ಆಚೆ ಇದ್ದರೆ ವೈರ್ ಉರಿಯುವ ತನಕ ಅದು ಸುಮ್ಮನೆ ಇರುತ್ತದೆ.